ಶಿವಾಜಿ ಪಾರ್ಕಿಗೆ ಮೊದಲು ಬಿಡುವು ಕೊಡಿ

ಮಳೆಗಾಲ ಮುಗಿದು ನವೆಂಬರ್ ಬಂತೆಂದರೆ ಮುಂಬೈನ ದಾದರಿನಲ್ಲಿ ಶಿವಾಜಿ ಪಾರ್ಕ್ ಮೈದಾನದ ಸುತ್ತಲ ಮನೆಗಳವರು ಕಿಟಕಿ ಮುಚ್ಚಲು ಶುರುಮಾಡುತ್ತಾರೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಮೈದಾನದ ಕೆಂಧೂಳು ಕೂತಿರುತ್ತದೆ. ವಯಸ್ಸಾದವರಿಗೆ ಕೆಮ್ಮು, ಮಕ್ಕಳಿಗೆ ಉಬ್ಬಸ. ಈ ಧೂಳನ್ನು ಅಡಗಿಸಲು ಬೃಹನ್ಮುಂಬಯಿ ಮಹಾನಗರಪಾಲಿಕೆ ಒಂದರ ಹಿಂದೊಂದು ಯೋಜನೆ ಹಾಕಿಕೊಂಡಿದೆ. ಹುಲ್ಲು ನೆಡಿಸಿತು, ಮಳೆನೀರು ಹಿಡಿಯಲು ಬಾವಿ ತೋಡಿಸಿತು, ನೀರು ಚಿಮುಕಿಸುವ ವ್ಯವಸ್ಥೆ ಮಾಡಿತು, ಐಐಟಿ ಬಾಂಬೆಯ ತಜ್ಞರ ಸಲಹೆ ಕೇಳಿತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಂತೂ ಮೇಲ್ಪದರದ ಮಣ್ಣನ್ನೇ ತೆಗೆಯಬೇಕೆಂದು ಸೂಚಿಸಿತು. ಇಷ್ಟೆಲ್ಲ ಆದರೂ ಧೂಳು ಹೋಗಿಲ್ಲ. 2025-26ರ ಸಾಲಿಗೆ 74,427 ಕೋಟಿ ರೂಪಾಯಿಯ ಬಜೆಟ್ ಮಂಡಿಸಿದ ಪಾಲಿಕೆ ಇದು. ದುಡ್ಡಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಪಾಲಿಕೆ ಪ್ರತಿ ಸಲವೂ ಮಣ್ಣಿನಿಂದ ಶುರುಮಾಡುತ್ತದೆ. ಶುರುಮಾಡಬೇಕಾದದ್ದು ತಾರೀಖುಗಳಿಂದ.

ಮುಂಬೈಗೆ ನಾಲ್ಕು ತಿಂಗಳಲ್ಲಿ 2,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆಗ ಆ ಮೈದಾನದಲ್ಲಿ ಯಾರೂ ನೆಡದಿದ್ದರೂ ಹುಲ್ಲು ಚಿಗುರುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಅದು ಬೇರು ಬಿಟ್ಟು ಹರಡಿಕೊಳ್ಳಬೇಕು. ಸರಿಯಾಗಿ ಆ ವಾರಗಳಲ್ಲೇ ಕಾರ್ಯಕ್ರಮಗಳ ಸಾಲು ಶುರು. ದಸರೆಗೆ ಶಿವಸೇನೆಯ ಸಭೆ, ದೀಪಾವಳಿಗೆ ದೀಪೋತ್ಸವ, ಡಿಸೆಂಬರ್ 6ಕ್ಕೆ ಅಂಬೇಡ್ಕರ್ ಮಹಾಪರಿನಿರ್ವಾಣ ದಿನ, ಜನವರಿಯಲ್ಲಿ ಗಣರಾಜ್ಯೋತ್ಸವದ ಪಥಸಂಚಲನ. ನಡುವೆ ಚುನಾವಣೆ ಬಂದರೆ ಇನ್ನಷ್ಟು ಸಭೆ. ಮೇ 1ರ ಮಹಾರಾಷ್ಟ್ರ ದಿನದವರೆಗೂ ನೆಲಕ್ಕೆ ಉಸಿರಾಡಲು ಪುರುಸೊತ್ತಿಲ್ಲ. ಜನ ನಡೆದಾಡುವುದರಿಂದ ಆಗುವ ಹಾನಿಗಿಂತ ಹೆಚ್ಚಿನದು ವೇದಿಕೆಯ ಸಾಮಾನು ಹೊತ್ತು ಒಳಬರುವ ಲಾರಿಗಳಿಂದ ಆಗುತ್ತದೆ. ಚಕ್ರ ಉರುಳಿದಲ್ಲಿ ಕೆಳಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ, ಮೇಲ್ಮಣ್ಣು ಹಿಟ್ಟಾಗುತ್ತದೆ. ಪಕ್ಕದಲ್ಲೇ ಸಮುದ್ರ. ಮಧ್ಯಾಹ್ನ ಕಡಲಗಾಳಿ ಎದ್ದರೆ ಆ ಹಿಟ್ಟು ಮನೆಮನೆಗೆ ಹೋಗುತ್ತದೆ. ಇಂಥ ನೆಲಕ್ಕೆ ಎಷ್ಟು ಕೋಟಿಯ ಹುಲ್ಲು ಹಾಸಿದರೂ ಜನವರಿಗೆ ಅದು ಉಳಿಯುವುದಿಲ್ಲ.

ಈ ಮೈದಾನದ ಬಗ್ಗೆ ಇಷ್ಟು ಕಳಕಳಿ ಯಾಕೆಂದರೆ ಭಾರತದ ಯಾವ ನಗರದಲ್ಲೂ ಇಂಥದ್ದು ಸುಲಭಕ್ಕೆ ಸಿಗುವುದಿಲ್ಲ. ಸುಮಾರು 28 ಎಕರೆ, ಅದೂ ಚದರಡಿಗೆ ಚಿನ್ನದ ಬೆಲೆಯಿರುವ ಊರಿನ ನಟ್ಟನಡುವೆ. 1925ರಲ್ಲಿ ಮಾಹಿಮ್ ಪಾರ್ಕ್ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆದದ್ದು. ಎರಡು ವರ್ಷದ ಬಳಿಕ ಪಾಲಿಕೆಯ ಸದಸ್ಯೆ ಅವಂತಿಕಾಬಾಯಿ ಗೋಖಲೆಯವರ ಒತ್ತಾಯದಿಂದ ಅದಕ್ಕೆ ಶಿವಾಜಿಯ ಹೆಸರು ಬಂತು. ಸುತ್ತಲೂ ಒಂದು ಕಿಲೋಮೀಟರಿಗೂ ಉದ್ದದ ಕಟ್ಟೆ. ನಸುಕಿಗೆ ನಡೆಯುವವರು, ಸಂಜೆ ಹರಟುವವರು, ಪ್ರೇಮಿಗಳು, ನಿವೃತ್ತರು ಎಲ್ಲರಿಗೂ ಅದರ ಮೇಲೆ ಜಾಗವಿದೆ. ಅಲ್ಲಿ ಕೂರಲು ಟಿಕೆಟ್ಟಿಲ್ಲ, ಯಾರೂ ಹೆಸರು ಕೇಳುವುದಿಲ್ಲ. ಒಂದು ಮೂಲೆಯಲ್ಲಿ ಮೈದಾನದಷ್ಟೇ ವಯಸ್ಸಿನ ಸಮರ್ಥ ವ್ಯಾಯಾಮ ಮಂದಿರವಿದೆ. ಹುಡುಗ ಹುಡುಗಿಯರು ಮಲ್ಲಕಂಬ ಹತ್ತುವುದನ್ನು ನಿಂತು ನೋಡಿದವರಿಗೆ ಆ ಕಲೆ ಹೇಗೆ ಉಳಿದಿದೆ ಎಂಬುದು ಗೊತ್ತಾಗುತ್ತದೆ. ಅಲ್ಲಿನ ಗುರು ಉದಯ್ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು.

ಕ್ರಿಕೆಟ್ಟಿನ ಕಥೆ ಎಲ್ಲರಿಗೂ ಗೊತ್ತು. ರಮಾಕಾಂತ್ ಆಚ್ರೇಕರ್ ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಸಚಿನ್ ತೆಂಡೂಲ್ಕರ್ ಎಂಬ ಹುಡುಗನಿಗೆ ಆಟ ಕಲಿಸಿದ್ದು ಇಲ್ಲಿ. ಆ ಹುಡುಗ ಈ ಮೈದಾನಕ್ಕೆ ಹತ್ತಿರವಾಗಲೆಂದು ಮನೆ ಬಿಟ್ಟು ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ ಉಳಿದ. 2024ರ ಡಿಸೆಂಬರಿನಲ್ಲಿ ಆಚ್ರೇಕರ್ ಅವರ ಸ್ಮಾರಕ ಅಲ್ಲೇ ಅನಾವರಣಗೊಂಡಿತು. ಅದು ಆಗಬೇಕಾದ್ದೇ. ಆದರೆ ಇಂದು ಅದೇ ಮೈದಾನದ ನೆಟ್ಟಿನಲ್ಲಿ ಬ್ಯಾಟು ಹಿಡಿದ ಹತ್ತು ವರ್ಷದ ಮಗು ಧೂಳು ನುಂಗದೆ ಆಡುವಂತಾಗುವುದು ಆ ಗುರುವಿಗೆ ಸಲ್ಲಬೇಕಾದ ದೊಡ್ಡ ಗೌರವ.

ಸಭೆಗಳೇ ಬೇಡ ಎಂದು ಹೇಳುವವನು ನಾನಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಆಚಾರ್ಯ ಅತ್ರೆಯವರ ದನಿ ಮೊಳಗಿದ ಜಾಗ ಇದು. 1966ರ ಅಕ್ಟೋಬರ್ 30ರಂದು ಶಿವಸೇನೆಯ ಮೊದಲ ಸಭೆ ಸೇರಿದ್ದು ಇಲ್ಲಿ, 2012ರಲ್ಲಿ ಬಾಳಾಸಾಹೇಬ್ ಠಾಕ್ರೆಯವರ ಅಂತ್ಯಕ್ರಿಯೆ ನಡೆದದ್ದು ಇಲ್ಲಿ. ಹತ್ತು ವರ್ಷದ ಮೇಲೆ ಲತಾ ಮಂಗೇಶ್ಕರ್ ಅವರಿಗೆ ನಾಡು ವಿದಾಯ ಹೇಳಿದ್ದೂ ಇಲ್ಲೇ. ಮುಂಬೈಯ ಕನ್ನಡಿಗರಿಗೆ ಇಲ್ಲಿನ ಧ್ವನಿವರ್ಧಕದ ನೆನಪು ಅಷ್ಟು ಸಿಹಿಯಾದದ್ದಲ್ಲ. ಶಿವಸೇನೆ ದಕ್ಷಿಣ ಭಾರತೀಯರ ವಿರುದ್ಧ ದನಿಯೆತ್ತಿದ 1960ರ ದಶಕದ ಕೊನೆಯಲ್ಲಿ ಅವರ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳನ್ನು ಕಂಡ ಹಿರಿಯರು ಮಾಟುಂಗ, ಮಾಹಿಮ್ ಕಡೆ ಇನ್ನೂ ಸಿಗುತ್ತಾರೆ. ಮೈಸೂರು ಅಸೋಸಿಯೇಷನ್ನೂ ಕರ್ನಾಟಕ ಸಂಘವೂ ಈ ಮೈದಾನದಿಂದ ದೂರವೇನಿಲ್ಲ. ಅಂದು ಭಯದಿಂದ ಅಂಗಡಿ ಬಾಗಿಲು ಎಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಇದೇ ಮೈದಾನದಲ್ಲಿ ಓಡಿ ಆಡಿ ಬೆಳೆದರು. ಊರಿನ ಎಲ್ಲ ಜಗಳ, ಎಲ್ಲ ಶೋಕ, ಎಲ್ಲ ಆಟವನ್ನೂ ಒಂದೇ ನೆಲ ಹೊತ್ತುಕೊಂಡಿದೆ. ಅದನ್ನು ಯಾವುದೇ ಒಂದಕ್ಕೆ ಮೀಸಲಿಡುವ ಯೋಚನೆ ನನಗೆ ಒಪ್ಪಿಗೆಯಿಲ್ಲ.

ದಕ್ಷಿಣ ಮುಂಬೈನ ಓವಲ್ ಮೈದಾನವನ್ನು ನೋಡಿ ಕಲಿಯಿರಿ ಎಂದು ಕೆಲವರು ಹೇಳುತ್ತಾರೆ. ನೆರೆಹೊರೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋಗಿ, ಬೇಲಿ ಹಾಕಿಸಿ, ಸ್ವತಃ ನಿರ್ವಹಣೆ ಹೊತ್ತು ಅದನ್ನು ಉಳಿಸಿಕೊಂಡರು. ಅವರ ಶ್ರಮ ದೊಡ್ಡದು, ಅಲ್ಲಿನ ಹಸಿರೂ ಚೆಂದ. ಆದರೆ ಶಿವಾಜಿ ಪಾರ್ಕಿಗೆ ಬೇಲಿ ಬಿದ್ದರೆ ಆ ಕಟ್ಟೆಯ ಬದುಕೇ ಹೋಗುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಧೂಳಿನ ಚರ್ಚೆ ಬಂದಾಗಲೆಲ್ಲ ಡಿಸೆಂಬರ್ 6ರ ಜನಸಾಗರದ ಕಡೆ ಬೆರಳು ತೋರಿಸುವವರಿದ್ದಾರೆ. ವಿದರ್ಭದಿಂದ, ಮರಾಠವಾಡದಿಂದ, ನಮ್ಮ ಕಡೆಯಿಂದಲೂ ರೈಲು ಹತ್ತಿ ಬರುವ ಬಡವರು ಮೈದಾನದ ಸಮೀಪದಲ್ಲೇ, ಅಂಬೇಡ್ಕರ್ ಅವರ ಅಂತ್ಯಸಂಸ್ಕಾರ ನಡೆದ ಚೈತ್ಯಭೂಮಿಗೆ ಹೋಗಿ ಬಾಬಾಸಾಹೇಬರಿಗೆ ನಮಿಸುತ್ತಾರೆ. ಉಳಿದುಕೊಳ್ಳಲು ಹೋಟೆಲು ಹಿಡಿಯುವ ಶಕ್ತಿ ಅವರಿಗಿಲ್ಲ. ಪಾಲಿಕೆ ಹಾಕಿದ ಚಪ್ಪರದಡಿ ಆ ಮಣ್ಣಿನಲ್ಲೇ ಮಲಗುತ್ತಾರೆ. ವೇದಿಕೆಯ ಸಭೆಯನ್ನು ಬೇರೆ ಜಾಗಕ್ಕೋ ಬೇರೆ ದಿನಕ್ಕೋ ಒಯ್ಯಬಹುದು, ಈ ನಮನವನ್ನು ಒಯ್ಯಲಾಗದು. ಆದ್ದರಿಂದ ಮೈದಾನವನ್ನು ಮೇಲ್ದರ್ಜೆಗೇರಿಸುವ ಕೆಲಸ ಅವರಿಂದಲೇ ಶುರುವಾಗಬೇಕು. ಮೈದಾನದ ಅಂಚಿನಲ್ಲಿ ಕಾಯಂ ಶೌಚಾಲಯ, ಕುಡಿಯುವ ನೀರಿನ ಕೊಳಾಯಿ, ಚರಂಡಿ, ವಿದ್ಯುತ್ತಿನ ಮಾರ್ಗ ಇವನ್ನು ಒಮ್ಮೆ ಸರಿಯಾಗಿ ಹಾಕಿದರೆ ಪ್ರತಿ ವರ್ಷ ಟ್ಯಾಂಕರು, ಲಾರಿಗಳನ್ನು ಮೈದಾನದ ಹೊಟ್ಟೆಯೊಳಕ್ಕೆ ತರುವ ಗೋಜೇ ಇಲ್ಲ. ಬಂದವರಿಗೂ ಮರ್ಯಾದೆ, ನೆಲಕ್ಕೂ ಉಳಿವು.

ಬಾಂಬೆ ಹೈಕೋರ್ಟು 2010ರಲ್ಲಿ ಈ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಹೇಳಿತು. ಆಮೇಲೆ ಆಟವಲ್ಲದ ಕಾರ್ಯಕ್ರಮಗಳಿಗೆ ವರ್ಷಕ್ಕೆ 45 ದಿನ ಎಂಬ ಮಿತಿ ಬಂತು. ಮಿತಿ ಇರುವುದು ಒಳ್ಳೆಯದೇ. ಆದರೆ ಎಷ್ಟು ದಿನ ಎಂದು ಎಣಿಸಿದರೆ ಸಾಲದು, ಯಾವ ದಿನಗಳು ಎಂಬುದನ್ನೂ ನೋಡಬೇಕು. ಸಭೆಗೆ ಮುಂಚೆ ಲಾರಿ ಬರುವ ದಿನ, ಸಭೆ ಮುಗಿದು ಕಂಬ ಕೀಳುವ ದಿನ, ಗುಂಡಿ ತುಂಬುವ ದಿನ ಇವೆಲ್ಲವೂ ಲೆಕ್ಕಕ್ಕೆ ಸೇರಬೇಕು. ಮೈದಾನವನ್ನು ಭಾಗ ಮಾಡಿಕೊಂಡು ಒಂದೊಂದಕ್ಕೂ ಸರದಿಯಂತೆ ಬಿಡುವು ಕೊಡಬೇಕು. ಗದ್ದೆಯನ್ನು ಒಂದು ಬೆಳೆಗೆ ಬೀಳುಬಿಡುವ ರೈತನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಸಭೆ ಮಾಡುವ ಪಕ್ಷ ಯಾವುದೇ ಆಗಿರಲಿ, ನೆಲವನ್ನು ಮೊದಲಿನಂತೆ ಮಾಡಿಕೊಡುವ ಪೂರ್ತಿ ಖರ್ಚನ್ನು ಠೇವಣಿಯಾಗಿ ಮುಂಚೆಯೇ ಕಟ್ಟಬೇಕು. ನೆಲ ಸರಿಯಾಗಿದೆ ಎಂದು ವಾರ್ಡ್ ಕಚೇರಿಯೂ ಅಲ್ಲಿ ಆಟ ಕಲಿಸುವವರೂ ಸಹಿ ಹಾಕಿದ ಮೇಲಷ್ಟೇ ಆ ಹಣ ವಾಪಸು ಹೋಗಬೇಕು.

ಜೊತೆಗೆ ಮಾಲಿಗಳು ಬೇಕು. ಕಾಮಗಾರಿಗೆ ಟೆಂಡರು ಕರೆಯುವುದು ಸುಲಭ, ಗುತ್ತಿಗೆದಾರ ಹುಲ್ಲು ಹಾಸಿ ಬಿಲ್ಲು ಪಡೆದು ಹೊರಡುತ್ತಾನೆ. ಬೇಸಿಗೆಯ ಉರಿಯಲ್ಲಿ ನಸುಕಿಗೆ ನೀರು ಹಿಡಿಯುವವರು, ಸಭೆಯ ಮರುದಿನ ಮೊಳೆ ಆಯುವವರು, ಯಾವ ಮೂಲೆ ಸೊರಗಿದೆ ಎಂದು ತಿಳಿದವರು ವರ್ಷವಿಡೀ ಅಲ್ಲಿರಬೇಕು. ಯಂತ್ರಕ್ಕೂ ಮಣ್ಣಿಗೂ ದುಡ್ಡು ತೆಗೆದಿಡುವ ಪಾಲಿಕೆ ಈ ಸಂಬಳಕ್ಕೂ ತೆಗೆದಿಡಲಿ.

2022ರ ಮಾರ್ಚಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಸುಮಾರು ನಾಲ್ಕು ವರ್ಷ ಮುಂಬೈ ಪಾಲಿಕೆಯನ್ನು ಆಡಳಿತಾಧಿಕಾರಿಯೇ ನಡೆಸಿದರು. ಮಣ್ಣು ತೆಗೆಯುವ, ಹುಲ್ಲು ಹಾಸುವ ಮಾತೆಲ್ಲ ನಡೆದಾಗ ಜನ ಹೋಗಿ ಕೈಹಿಡಿದು ಕೇಳಬಹುದಾದ ಕಾರ್ಪೊರೇಟರ್ ಒಬ್ಬರೂ ಇರಲಿಲ್ಲ. 2026ರ ಜನವರಿಯ ಚುನಾವಣೆಯಿಂದ 227 ಮಂದಿ ಆರಿಸಿ ಬಂದಿದ್ದಾರೆ. ಅವರಲ್ಲಿ ಬಹುತೇಕರ ಪಕ್ಷದ ನಾಯಕರು ಇದೇ ಮೈದಾನದ ವೇದಿಕೆ ಹತ್ತಿದವರು. ಮುಂದಿನ ಮಳೆಗಾಲಕ್ಕೆ ಮುಂಚೆ ಅವರು ನಿವಾಸಿಗಳನ್ನು, ಕೋಚುಗಳನ್ನು, ಡಿಸೆಂಬರ್ 6ರ ಸಂಘಟಕರನ್ನು, ಮಾಲಿಗಳನ್ನು ಒಂದೆಡೆ ಕೂರಿಸಿ ಇಡೀ ವರ್ಷದ ತಾರೀಖುಗಳನ್ನು ಗೊತ್ತುಮಾಡಿ, ಮೈದಾನದ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಬೋರ್ಡು ಹಾಕಿಸಲಿ. ಹುಲ್ಲಿನ ಟೆಂಡರನ್ನು ಆಮೇಲೆ ಕರೆಯಲಿ.