ನೋಡಿದ್ದಕ್ಕೂ ಕೂಲಿ ಕೊಡಿ

ಶಿಕಾರಿಪುರದಿಂದ ಶಿರಾಳಕೊಪ್ಪ ಹಾದು ಸೊರಬಕ್ಕೆ ಹೋಗುವ ರಸ್ತೆ ಡಾಂಬರಿನದು. ಆದರೆ ಆ ರಸ್ತೆಯಲ್ಲಿ ಓಡಾಡುವ ಬೈಕುಗಳಿಗೆ ನಿಜವಾದ ದುಡಿಮೆ ಶುರುವಾಗುವುದು ಡಾಂಬರು ಬಿಟ್ಟು ಇಳಿದ ಮೇಲೆ. ಮೆಕ್ಕೆಜೋಳದ ಹೊಲದ ಬದು, ಅಡಿಕೆ ತೋಟದ ಕಾಲುದಾರಿ, ಶುಂಠಿ ಹಾಕಿದ ಜಮೀನಿನ ಏರು, ಚಂದ್ರಗುತ್ತಿ ಕಡೆಯ ಕಾಡಂಚಿನ ಕೆಮ್ಮಣ್ಣಿನ ದಾರಿ. ಮಳೆಗಾಲದಲ್ಲಿ ಕೆಸರು, ಸುಗ್ಗಿಯಲ್ಲಿ ಧೂಳು. ಕಂಪನಿಗಳು ‘ಆಫ್‌ರೋಡ್’ ಎಂದು ಹೆಸರಿಟ್ಟು ಮಾರುವುದು 2016ರಲ್ಲಿ ಬಂದ ಹಿಮಾಲಯನ್, 2019ರಲ್ಲಿ ಬಂದ ಎಕ್ಸ್‌ಪಲ್ಸ್ 200ರಂಥ ಗಾಡಿಗಳನ್ನು. ಇಲ್ಲಿ ಸ್ಪ್ಲೆಂಡರು, ಟಿವಿಎಸ್ ಎಕ್ಸ್‌ಎಲ್‌ಗಳೂ ಅದೇ ಕೆಲಸ ಮಾಡುತ್ತವೆ, ಅದೂ ಒಂದು ಗೊಬ್ಬರದ ಚೀಲ ಹೇರಿಕೊಂಡು.

ಈ ಗಾಡಿಗಳು ಕೆಡುವುದರಲ್ಲಿ ಆಶ್ಚರ್ಯವಿಲ್ಲ. ಜನ ಬೇಸತ್ತಿರುವುದು ಕೆಟ್ಟದ್ದೇ ಮತ್ತೆ ಮತ್ತೆ ಕೆಡುವುದಕ್ಕೆ. ಹೊಸ ಸೀಲು ಹಾಕಿಸಿ ತಿಂಗಳು ತುಂಬಿಲ್ಲ, ಆಯಿಲ್ ಸೋರುತ್ತದೆ. ಹೊಸ ಬ್ಯಾಟರಿ ಮಳೆಗಾಲ ದಾಟುವುದಿಲ್ಲ. ಮಾಲೀಕ ಮೆಕ್ಯಾನಿಕ್‌ನನ್ನು ಬೈಯುತ್ತಾನೆ. ಮೆಕ್ಯಾನಿಕ್ ‘ಡೂಪ್ಲಿಕೇಟ್ ಪಾರ್ಟು’ ಎನ್ನುತ್ತಾನೆ. ಪಾರ್ಟಿನ ಅಂಗಡಿಯವನು ‘ಓಡಿಸೋದು ಹಂಗಿದೆ’ ಎಂದು ಕೈ ತೊಳೆದುಕೊಳ್ಳುತ್ತಾನೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಹಳೆಯ ಸೀಲು ಯಾಕೆ ಹೋಯಿತು ಎಂದು ಮೂವರಲ್ಲಿ ಒಬ್ಬರೂ ಕೇಳಿರುವುದಿಲ್ಲ.

ಚೈನಿನಿಂದಲೇ ನೋಡಿ. ಕೆಮ್ಮಣ್ಣಿನ ಕೆಸರಿನಲ್ಲಿ ಜಂಬಿಟ್ಟಿಗೆಯ ಗಟ್ಟಿ ಕಣಗಳು, ಮರಳು ಸೇರಿರುತ್ತವೆ. ಅವು ಚೈನಿನ ಎಣ್ಣೆಗೆ ಅಂಟಿಕೊಂಡು ಕೊಂಡಿಗಳನ್ನೂ ಹಲ್ಲುಗಳನ್ನೂ ಅರೆಯುತ್ತವೆ. ಹಲ್ಲು ಸವೆದ ಸ್ಪ್ರಾಕೆಟ್ಟಿಗೆ ಹೊಸ ಚೈನು ಹಾಕಿದರೆ ಹೊಸದೂ ಬೇಗ ಹೋಗುತ್ತದೆ. ಇದು ಯಾವ ಮೆಕ್ಯಾನಿಕ್‌ಗೂ ಗೊತ್ತು. ಹೆಚ್ಚಿನವರ ಕಣ್ಣು ತಪ್ಪುವುದು ಬಿಗಿಯ ವಿಚಾರ. ಆಫ್‌ರೋಡ್ ಗಾಡಿಯ ಹಿಂಚಕ್ರ ಮಾಮೂಲಿ ಬೈಕಿನದಕ್ಕಿಂತ ಹೆಚ್ಚು ಮೇಲೆ ಕೆಳಗೆ ಆಡುತ್ತದೆ. ಎಂಜಿನ್ ಕಡೆಯ ಚಿಕ್ಕ ಸ್ಪ್ರಾಕೆಟ್ಟು, ಸ್ವಿಂಗ್‌ಆರ್ಮಿನ ಬೋಲ್ಟು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರ ಜೋತಾಡುತ್ತಿರುವಾಗ ‘ಲೂಸಾಗಿದೆ’ ಎಂದು ಬಿಗಿ ಮಾಡಿದರೆ, ಮುಂದೆ ಪ್ರತಿ ಗುಂಡಿಯಲ್ಲೂ ಆ ಚೈನು ಗೇರ್‌ಬಾಕ್ಸಿನ ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತದೆ. ಮೊದಲು ಬೇರಿಂಗ್ ಸಡಿಲವಾಗುತ್ತದೆ, ಆಮೇಲೆ ಶಾಫ್ಟು ಅಲುಗಾಡುತ್ತದೆ, ಕೊನೆಗೆ ಸೀಲು ಸೋರುತ್ತದೆ. ಗ್ಯಾರೇಜಿನಲ್ಲಿ ಬದಲಾಗುವುದು ಸೀಲು ಮಾತ್ರ. ಬೇರಿಂಗ್ ಅಲ್ಲೇ ಇದೆ, ಚೈನೂ ಅಷ್ಟೇ ಬಿಗಿ. ಮುಂದಿನ ತಿಂಗಳು ಅದೇ ಗಾಡಿ ಅದೇ ಜಾಗದಲ್ಲಿ ನಿಂತಿರುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ ಜಾವಾಗಳಿಗೆ ಚೈನನ್ನು ಪೂರ್ತಿ ಮುಚ್ಚುವ ಕೇಸು ಇತ್ತು. ಸ್ಪ್ಲೆಂಡರಿಗೂ ಚೈನ್ ಕವರ್ ಬರುತ್ತದೆ. ಹುಡುಗರು ‘ಲುಕ್ಕಿ’ಗೆಂದು ಅದನ್ನು ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾರೆ. ಚೈನ್ ಸೆಟ್ ಮಾರುವವರಿಗೆ ಇದರಿಂದ ಬೇಸರವೇನೂ ಇಲ್ಲ.

ಮುಂದಿನ ಶಾಕ್‌ಗಳ ಕತೆಯೂ ಹೀಗೇ. ಪೈಪಿಗೆ ಮೆತ್ತಿ ಒಣಗಿದ ಕೆಸರು ಸೀಲಿನ ಅಂಚನ್ನು ಎತ್ತುತ್ತದೆ. ತುಕ್ಕು ಹಿಡಿದ ಕ್ರೋಮಿನಲ್ಲಿ ಸಣ್ಣದೊಂದು ಕುಳಿ ಬಿದ್ದಿದ್ದರೂ ಸಾಕು, ಎಷ್ಟು ಒಳ್ಳೆಯ ಸೀಲಾದರೂ ಹರಿಯುತ್ತದೆ. ಪೈಪಿನ ಮೇಲೆ ಉಗುರು ಆಡಿಸಿದರೆ ಕುಳಿ ಸಿಗುತ್ತದೆ. ಅದಕ್ಕೆ ಬೇಕಾದದ್ದು ಅರ್ಧ ನಿಮಿಷ.

ಹೊಗೆ ಬಂತೆಂದು ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸಿದ ಎಂಜಿನ್ ಬೇಗನೆ ಮತ್ತೆ ಹೊಗೆ ಬಿಟ್ಟರೆ, ಏರ್ ಫಿಲ್ಟರ್ ಕಡೆ ತಿರುಗಬೇಕು. ಫಿಲ್ಟರ್ ಪೆಟ್ಟಿಗೆಯಿಂದ ಎಂಜಿನಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿರಬಹುದು, ಕ್ಲಿಪ್ಪು ಸಡಿಲವಿರಬಹುದು, ಫಿಲ್ಟರೇ ಸರಿಯಾಗಿ ಕೂತಿರದೆ ಇರಬಹುದು. ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ ನೋಡಬೇಕು. ಬಟ್ಟೆ ಕೆಂಪಾದರೆ ಎಂಜಿನ್ ಹೊಲದ ಮಣ್ಣನ್ನೇ ಉಸಿರಾಡುತ್ತಿದೆ ಎಂದರ್ಥ. ಇದನ್ನು ಬಿಟ್ಟು ಬೋರ್ ಮಾಡಿಸುವುದು ಹೊಸ ಪಿಸ್ಟನ್ನನ್ನೂ ಅದೇ ಮಣ್ಣಿಗೆ ಒಪ್ಪಿಸಿದಂತೆ. ಕ್ಲಚ್ ಪ್ಲೇಟು ಪದೇ ಪದೇ ಹೋಗುತ್ತಿದ್ದರೆ ಆಯಿಲ್ ಡಬ್ಬಿಯ ಮೇಲೆ, ಬೈಕಿನ ಕ್ಲಚ್ಚಿಗೆ ಹೊಂದುತ್ತದೆ ಎಂದು ಹೇಳುವ ‘ಜಾಸೋ ಎಂಎ’ ಗುರುತು ಇದೆಯೇ ಎಂದು ಒಮ್ಮೆ ಓದಿದರೆ ಒಳ್ಳೆಯದು. ಕಾರಿನ ಆಯಿಲ್ ಹಾಕಿದರೆ ಎಣ್ಣೆಯಲ್ಲೇ ಮುಳುಗಿರುವ ಬೈಕಿನ ಕ್ಲಚ್ಚು ಜಾರಬಹುದು.

ಸುಲಭದಲ್ಲಿ ಸಿಗದ ಕಳ್ಳ ಎಂದರೆ ವೈರಿಂಗು. ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಸ್ಟಾರ್ಟ್ ಆಗಿ, ಗೇರ್ ಹಾಕಿದ ಕೂಡಲೇ ಆಫ್ ಆಗುತ್ತದೆಯೇ? ಈಚಿನ ಅನೇಕ ಬೈಕುಗಳಲ್ಲಿ ಸೈಡ್ ಸ್ಟ್ಯಾಂಡಿಗೆ ಒಂದು ಸ್ವಿಚ್ಚು ಇರುತ್ತದೆ. ಅದರಲ್ಲಿ ಕೆಸರು ಕೂತರೆ ಸ್ಟ್ಯಾಂಡ್ ಎತ್ತಿದ್ದರೂ ಇಳಿಸಿದೆ ಎಂದೇ ಗಾಡಿ ತಿಳಿಯುತ್ತದೆ. ವೈರಿಂಗಿನದೇ ಎನಿಸುವ ಬೇರೆ ದೋಷವೂ ಉಂಟು. ನಾಲ್ಕಾರು ಕಿಲೋಮೀಟರ್ ಓಡಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಹೊರಡುತ್ತದೆಯೇ? ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಉಸ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿಯಾಡುವ ತೂತು ಕಟ್ಟಿದೆ. ಅದರ ಪೈಪಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಹುಳು ಸಂಸಾರ ಹೂಡಿರುವುದೂ ಉಂಟು, ಪಾಪ, ಅದಕ್ಕೇನು ಗೊತ್ತು. ಇನ್ನು ಬ್ಯಾಟರಿ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಹಿಡಿದು, ಎಂಜಿನನ್ನು ಸ್ವಲ್ಪ ರೇಸ್ ಮಾಡಿ ಅಳೆದರೆ ಸುಮಾರು ಹದಿನಾಲ್ಕು ವೋಲ್ಟ್ ತೋರಿಸಬೇಕು. ಹನ್ನೆರಡರ ಆಸುಪಾಸಿನಲ್ಲೇ ನಿಂತರೆ ಚಾರ್ಜೇ ಆಗುತ್ತಿಲ್ಲ. ಅಂಥ ಗಾಡಿಗೆ ಹೊಸ ಬ್ಯಾಟರಿ ಹಾಕುವುದು ದುಡ್ಡು ದಂಡ. ರೆಗ್ಯುಲೇಟರಿನ ಕಪ್ಲರ್ ಸುಟ್ಟಿದೆಯೇ, ಅರ್ಥಿಂಗ್ ವೈರಿನ ಬೋಲ್ಟು ತುಕ್ಕು ಹಿಡಿದಿದೆಯೇ ಎಂದು ಹುಡುಕಬೇಕು.

ನೀರು ವೈರಿಂಗಿಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ 2015ರ ಡಾಕಾರ್ ರ‍್ಯಾಲಿ ಸಾಕ್ಷಿ. ಬೆಂಗಳೂರಿನ ಸಿ.ಎಸ್. ಸಂತೋಷ್ ಆ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿ, ಡಾಕಾರ್ ಪೂರೈಸಿದ ಮೊದಲ ಭಾರತೀಯ ಎನಿಸಿಕೊಂಡರು. ಆ ವರ್ಷ ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನಲ್ಲಿ ಮಳೆ ನೀರು ನಿಂತಿತ್ತು. ಉಪ್ಪುನೀರು ರೇಡಿಯೇಟರಿಗೆ ಮೆತ್ತಿ, ವೈರುಗಳಿಗೆ ಇಳಿದು ಹಲವು ಗಾಡಿಗಳು ಕೈಕೊಟ್ಟವು. ಮುಂಚೂಣಿಯಲ್ಲಿದ್ದ ಸ್ಪೇನಿನ ಜೊವಾನ್ ಬರೆಡಾ ಅವರ ಹೋಂಡಾವನ್ನೇ ಇನ್ನೊಬ್ಬ ಸವಾರ ಎಳೆದೊಯ್ಯಬೇಕಾಯಿತು. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಟಿವಿಎಸ್ ತಂಡದಿಂದ ಅದೇ ರ‍್ಯಾಲಿಯನ್ನು 37ನೆಯವರಾಗಿ ಮುಗಿಸಿದರು. ಇಂಥ ತಂಡಗಳ ಮೆಕ್ಯಾನಿಕ್‌ಗಳು ಸಂಜೆ ಗಾಡಿ ಬಂದ ಮೇಲೆ ರಾತ್ರಿಯೆಲ್ಲ ಮಾಡುವ ಕೆಲಸದಲ್ಲಿ ಬಹುಪಾಲು ಬಿಚ್ಚಿ ನೋಡುವುದೇ.

ನಮ್ಮೂರುಗಳಲ್ಲಿ ಉಪ್ಪಿನ ಬಯಲಿಲ್ಲ, ‘ವಾಟರ್ ಸರ್ವಿಸ್’ ಇದೆ. ಕೆಸರು ಹೋಗಲಿ ಎಂದು ಪ್ರೆಷರ್ ಪೈಪನ್ನು ನೇರವಾಗಿ ಆಕ್ಸಲ್‌ಗೆ, ಹ್ಯಾಂಡಲ್ ಕೆಳಗಿನ ಬೇರಿಂಗಿಗೆ, ಕಪ್ಲರುಗಳಿಗೆ ಹಿಡಿಯುತ್ತಾರೆ. ಗ್ರೀಸು ಹೊರಗೆ, ನೀರು ಒಳಗೆ. ಗಾಡಿ ಮದುಮಗನಂತೆ ಹೊಳೆಯುತ್ತಾ ಮನೆಗೆ ಬಂದು ಮಾರನೆಯ ವಾರ ಕಿರ್ರೆನ್ನಲು ಶುರುಮಾಡುತ್ತದೆ.

ಈಗ ಎಲ್ಲ ದೂರೂ ಪೆಟ್ರೋಲಿನ ತಲೆಗೆ. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥೆನಾಲ್ ನೀರನ್ನು ಹೀರುತ್ತದೆ, ನೀರು ಹೆಚ್ಚಾದರೆ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ ಎಂಬುದು ನಿಜ. ಹಾಗಂತ ಮಿಸ್ ಹೊಡೆದದ್ದಕ್ಕೆಲ್ಲ ಅದರ ಮೇಲೆ ಗೂಬೆ ಕೂರಿಸುವ ಮೊದಲು ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದಿಟ್ಟು ನೋಡಿದವರು ಎಷ್ಟು ಜನ?

ಇಷ್ಟೆಲ್ಲ ನೋಡಲು ಬಾರದ ದಡ್ಡರೇನಲ್ಲ ನಮ್ಮ ಮೆಕ್ಯಾನಿಕ್‌ಗಳು. ನೋಡಿದರೆ ಅವರಿಗೆ ಕಾಸು ಹುಟ್ಟುವುದಿಲ್ಲ, ಅಷ್ಟೆ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ನೋಡಿದ್ದಕ್ಕೆ ಮರುಮಾತಿಲ್ಲದೆ ಫೀಸು ಕೊಡುವವರು ಗ್ಯಾರೇಜಿಗೆ ಬಂದರೆ, ‘ಏನೂ ಹಾಕೇ ಇಲ್ವಲ್ಲಣ್ಣ, ಏನಕ್ಕೆ ದುಡ್ಡು?’ ಎನ್ನುತ್ತಾರೆ. ಒಂದು ಗಂಟೆ ವೈರು ಹುಡುಕಿ ತುಕ್ಕು ಕೆರೆದು ಸರಿಮಾಡಿದವನಿಗೆ ಸಿಗುವುದು ಒಂದು ಟೀ. ಐದು ನಿಮಿಷದಲ್ಲಿ ಬ್ಯಾಟರಿ ಬದಲಿಸಿದವನಿಗೆ ಕಮಿಷನ್, ಮೇಲೆ ಕೂಲಿ. ಲೆಕ್ಕ ಹೀಗಿರುವಾಗ ಬದಲಿಸುವವನನ್ನು ಬೈದು ಏನು ಪ್ರಯೋಜನ? ರೈತರ ಕೈಯಲ್ಲಿ ದುಡ್ಡೆಲ್ಲಿದೆ ಎಂಬ ಆಕ್ಷೇಪ ಬರುತ್ತದೆ. ದುಡ್ಡಿಲ್ಲದವನಿಗೇ ಮೂರನೇ ಬ್ಯಾಟರಿ ಹೆಚ್ಚು ಭಾರ.

ಗಿರಾಕಿಗಳ ಇನ್ನೊಂದು ರೂಢಿಯೂ ಕೆಟ್ಟದ್ದು. ಒಮ್ಮೆ ಸರಿಹೋಗದಿದ್ದರೆ ಗ್ಯಾರೇಜು ಬದಲಿಸುತ್ತಾರೆ. ಹಿಂದೆ ಏನು ಹಾಕಿದ್ದು, ಯಾವಾಗ, ಎಷ್ಟು ಕಿಲೋಮೀಟರಿಗೆ ಎಂಬುದು ಹೊಸಬನಿಗೆ ಗೊತ್ತಿರುವುದಿಲ್ಲ. ಅವನು ಮೊದಲಿನಿಂದ ಶುರುಮಾಡುತ್ತಾನೆ. ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸಣ್ಣ ನೋಟ್‌ಬುಕ್ಕು ಇದ್ದರೆ ಮುಂದಿನ ಮೆಕ್ಯಾನಿಕ್‌ನ ಅರ್ಧ ಕೆಲಸ ಹಗುರ.

ಆದರೆ ಹೊಣೆಯನ್ನೆಲ್ಲ ಆನವಟ್ಟಿಯಂಥ ಊರಿನ ಗ್ಯಾರೇಜಿಗೂ ಅದರ ಗಿರಾಕಿಗೂ ಹೊರಿಸಿ ಕಂಪನಿಗಳನ್ನು ಬಿಟ್ಟುಬಿಡುವುದು ನ್ಯಾಯವಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್, ಸೆನ್ಸರುಗಳು ಬಂದವು. ಮೀಟರಿನಲ್ಲಿ ಎಂಜಿನ್ ಲೈಟು ಹತ್ತುತ್ತದೆ. ಅದು ಏನು ಹೇಳುತ್ತಿದೆ ಎಂಬುದು ಹೆಚ್ಚಾಗಿ ಗೊತ್ತಾಗುವುದು ಶೋರೂಮಿನ ಸ್ಕ್ಯಾನರಿಗೆ. ಊರಿನ ಮೆಕ್ಯಾನಿಕ್ ಕುರುಡಾಗಿ ಸೆನ್ಸರ್ ಬದಲಿಸುತ್ತಾನೆ, ಅಥವಾ ‘ಶೋರೂಮಿಗೇ ಹೋಗಿ’ ಎಂದು ಕೈಚೆಲ್ಲುತ್ತಾನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಕಾರುಗಳ ದೋಷ ಪತ್ತೆಯ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು 2012ರಲ್ಲೇ ಮತ ಹಾಕಿದರು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಕೃಷಿ ಯಂತ್ರಗಳು, ಮೊಬೈಲುಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ಅದರ ಹಿಂದಿಲ್ಲ. ಆ ಕಾನೂನು ಬರಬೇಕು. ಅದರಲ್ಲಿ ಎರಡು ಮಾತು ಸ್ಪಷ್ಟವಾಗಿರಬೇಕು: ದೋಷದ ಕೋಡುಗಳ ಪಟ್ಟಿ ಮತ್ತು ಅದನ್ನು ಓದುವ ಸ್ಕ್ಯಾನರು ಯಾವ ಗ್ಯಾರೇಜಿಗಾದರೂ ನ್ಯಾಯವಾದ ಬೆಲೆಗೆ ಸಿಗಬೇಕು; ಕೆಸರು, ಧೂಳಿನಲ್ಲಿ ಓಡುವ ಗಾಡಿಯ ಫಿಲ್ಟರು, ಚೈನು, ಬೇರಿಂಗುಗಳನ್ನು ಎಷ್ಟು ಕಿಲೋಮೀಟರಿಗೆ ನೋಡಬೇಕೆಂಬ ಪ್ರತ್ಯೇಕ ಪಟ್ಟಿಯನ್ನು ಆಫ್‌ರೋಡ್ ಎಂದು ಮಾರುವ ಪ್ರತಿ ಕಂಪನಿಯೂ ಕನ್ನಡದಲ್ಲಿ ಅಚ್ಚು ಹಾಕಿ ಕೊಡಬೇಕು.