ಮುಚ್ಚಿಟ್ಟರೆ ಮಾರುವವನಿಗೇ ಲಾಭ

ಅಮಲು ದೊಡ್ಡ ಪೇಟೆಯ ಪಿಡುಗು, ನಮ್ಮ ಸಣ್ಣ ಊರಿಗೆ ಯಾಕೆ ಬರ್ತದೆ ಎನ್ನುವವರು ಇನ್ನೂ ಇದ್ದಾರೆ. ಬೂಕನಕೆರೆಯಂಥ ಹಳ್ಳಿಯಲ್ಲೂ ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣದಲ್ಲೂ ಈಗ ಆ ಸಮಾಧಾನ ಸಲ್ಲದು. 2025ರ ಜುಲೈಯಲ್ಲಿ ಪಕ್ಕದ ಮೈಸೂರಿನಲ್ಲೇ ಮುಂಬೈ ಪೊಲೀಸರು ಎಂಡಿ ತಯಾರಿಸುವ ಘಟಕ ಪತ್ತೆ ಹಚ್ಚಿದರು. ಕಡಲ ನಡುವಿನ ದ್ವೀಪಗಳೂ ಹೊರತಲ್ಲ. 2022ರ ಮೇಯಲ್ಲಿ ಲಕ್ಷದ್ವೀಪದ ಕಡಲಿನಲ್ಲಿ ಎರಡು ಮೀನುಗಾರಿಕಾ ದೋಣಿಗಳಿಂದ 218 ಕಿಲೋ ಹೆರಾಯಿನ್ ಸಿಕ್ಕಿತ್ತು. ನಮ್ಮ ಮಂಗಳೂರು ಬಂದರಿನಿಂದ ದಿನಸಿ ಹೋಗುವ ದ್ವೀಪಗಳವು.

ಸಣ್ಣ ಊರಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಆದರೆ ತಂದೆ ಗಲ್ಫ್‌ನಲ್ಲಿದ್ದು, ಮಗ ದಾರಿ ತಪ್ಪಿದ್ದು ಗೊತ್ತಾದರೂ ತಾಯಿ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿ ಕೂತರೆ ಆ ಪರಿಚಯದಿಂದ ಏನು ಪ್ರಯೋಜನ? ಮಾರುವವನಿಗೆ ಬೇಕಾದದ್ದೂ ಅದೇ ಮೌನ.

ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ಸ್ವಇಚ್ಛೆಯಿಂದ ಮಾನ್ಯ ಕೇಂದ್ರದಲ್ಲಿ ಪೂರ್ಣ ಚಿಕಿತ್ಸೆ ಪಡೆದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ರಕ್ಷಣೆ ಕೊಡುತ್ತದೆ. 14446ಕ್ಕೆ ಕರೆ ಮಾಡಿದರೆ ಉಚಿತ ಸಲಹೆ ಸಿಗುತ್ತದೆ. ನಮ್ಮ ಜಮಾಅತ್‌ಗಳು ಇದನ್ನು ಮನೆಮನೆಗೆ ತಿಳಿಸಲಿ. ಮಾರುವವನ ಸುಳಿವು ಪೊಲೀಸರಿಗೆ ಕೊಡೋಣ, ಸಿಕ್ಕಿಬಿದ್ದ ಹುಡುಗನನ್ನು ಬಹಿಷ್ಕರಿಸದೆ ಆಸ್ಪತ್ರೆಗೆ ಕರೆದೊಯ್ಯೋಣ.