ಕೃಷ್ಣೆ ದಾಟಿದರೆ ಪರದೇಶ
ವಿದೇಶ ಪ್ರವಾಸದ ಫಜೀತಿ ಅನುಭವಿಸಲು ಪಾಸ್‌ಪೋರ್ಟ್ ಬೇಕಿಲ್ಲ. ರಾಯಚೂರಿನಲ್ಲಿ ಕಾರು ಹತ್ತಿ ಶಕ್ತಿನಗರದ ಬಳಿ ಕೃಷ್ಣೆ ದಾಟಿದರೆ ಸಾಕು. ಈಚೆ ದಡದಲ್ಲೇ ಟ್ಯಾಂಕು ತುಂಬಿಸಿಕೊಳ್ಳದವರಿಗೆ ಮೊದಲ ಪೆಟ್ಟು ಪೆಟ್ರೋಲ್ ಬಂಕಿನಲ್ಲಿ: ತೆಲಂಗಾಣದ ದರ ಹೆಚ್ಚು. ಎರಡನೆಯದು ದಾರಿಫಲಕದ್ದು. ತೆಲುಗು ಲಿಪಿ ನಮಗೆ ಅರ್ಧ ಓದಲು ಬರುತ್ತದೆ, ಅದೇ ಅಪಾಯ. ತಲೆಕಟ್ಟು, ಒತ್ತು ಬಿಡಿಸಿಕೊಳ್ಳುವಷ್ಟರಲ್ಲಿ ತಿರುವು ಹಿಂದಾಗಿರುತ್ತದೆ. ಮಕ್ತಲ್‌ನಲ್ಲಿ ಇಳಿದು, ಸಿನಿಮಾದಿಂದ ಕಲಿತ ತೆಲುಗನ್ನೆಲ್ಲ ಒಟ್ಟುಗೂಡಿಸಿ ‘ಗದ್ವಾಲ್‌ಕಿ ಎಟ್ಲ ಪೋವಾಲಿ?’ ಎಂದರೆ, ಚಹಾ ಅಂಗಡಿಯ ಅಜ್ಜ ಸಾವಕಾಶವಾಗಿ ಬಾಯಿ ಒರೆಸಿಕೊಂಡು ‘ಆತ್ಮಕೂರ ಕಡೆ ಹಿಡೀರಿ, ಜುರಾಲಾ ಡ್ಯಾಮ್ ಮ್ಯಾಲ ಹಾದು ಹೋಗ್ರೀ’ ಎನ್ನುತ್ತಾನೆ! ಬೆರಗಾಗಬೇಕಿಲ್ಲ: 1956ರ ನವೆಂಬರ್ 1ರವರೆಗೆ ಎರಡೂ ದಡ ಹೈದರಾಬಾದ್ ರಾಜ್ಯದವೇ, ಆಚೆ ದಡದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಈಗಲೂ ಇವೆ. ಕೊನೆಯ ಪೆಟ್ಟು ನೇಕಾರರದ್ದು. ನಾರಾಯಣಪೇಟೆಯ ಚೌಕಳಿ ಸೀರೆ ಕೊಂಡು, ಇನ್ನು ಖರ್ಚು ಮುಗಿಯಿತು ಎನ್ನುವಷ್ಟರಲ್ಲಿ, ಗದ್ವಾಲಿನಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸಿದ ಸೀರೆ ಕಣ್ಣಿಗೆ ಬೀಳುತ್ತದೆ. ಹೋಗುವವರು ಜೇಬನ್ನು ಗದ್ವಾಲಿನವರೆಗೆ ಕಾಯ್ದುಕೊಳ್ಳಿ. ದಾರಿಯನ್ನು ಮಾತ್ರ ಕನ್ನಡದಲ್ಲೇ ಕೇಳಿ.